ನಾಯಕರ ಅಡ್ಡಹೆಸರುಗಳು: ಗೌರವ–ಅಗೌರವಗಳ ವಿವೇಚನೆ

ಮದ್ರಾಸ್ ವಿಶ್ವವಿದ್ಯಾಲಯದ ಚೇಪಾಕ್ ಆವರಣದಿಂದ ಹೊರಬಂದವರ ಕಣ್ಣಿಗೆ ಮೊದಲು ಬೀಳುವುದು ಮರೀನಾ ತೀರದ ಕಾಮರಾಜರ್ ಸಾಲೈ. ಹಳೆಯ ಮೌಂಟ್ ರಸ್ತೆಯ ಹೆಸರು ಇಂದು ಅಣ್ಣಾ ಸಾಲೈ. ಸೆಂಟ್ರಲ್ ರೈಲು ನಿಲ್ದಾಣವು 2019ರಿಂದ ಎಂ.ಜಿ. ರಾಮಚಂದ್ರನ್ ಅವರ ಹೆಸರನ್ನು 'ಪುರಟ್ಚಿ ತಲೈವರ್' ಎಂಬ ಬಿರುದಿನ ಸಮೇತ ಹೊತ್ತಿದೆ. 2013ರಲ್ಲಿ ಜಯಲಲಿತಾ ಅವರ ಸರ್ಕಾರವು ಆರಂಭಿಸಿದ ಅಗ್ಗದ ಊಟದ ಮನೆಗಳಿಗೆ 'ಅಮ್ಮಾ ಉಣವಗಂ' ಎಂದು ಹೆಸರಾಯಿತು. ನಾಯಕರ ಮೂಲನಾಮಕ್ಕಿಂತ ಅಡ್ಡಹೆಸರೇ ಪ್ರಬಲವಾಗಿರುವ ಇಂತಹ ನಗರದಲ್ಲಿ ಕನ್ನಡ ವ್ಯಾಸಂಗ ಮಾಡುವವರಿಗೆ ಒಂದು ಪ್ರಶ್ನೆ ಸಹಜವಾಗಿ ಎದುರಾಗುತ್ತದೆ: ನಾಯಕರನ್ನು ಅಡ್ಡಹೆಸರಿನಿಂದ ಕರೆಯುವುದು ಗೌರವವೋ ಅಗೌರವವೋ? ಈ ಪ್ರಶ್ನೆಯನ್ನು ಭಾಷಿಕ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುತ್ತದೆ. ತಂದೆತಾಯಿಗಳು ಇಟ್ಟ ಹೆಸರು ಅಂಕಿತ. ಗುಣ, ವೃತ್ತಿ, ಸ್ಥಿತಿಗಳಿಂದ ಬಂದದ್ದು ಅನ್ವರ್ಥ. ಅಡ್ಡಹೆಸರು ಅನ್ವರ್ಥವಾಗಿ ಹುಟ್ಟಿ, ಬಳಕೆಯ ಬಲದಿಂದ ಅಂಕಿತವಾಗಿ ನೆಲೆಗೊಳ್ಳುತ್ತದೆ. ರಾಷ್ಟ್ರಕೂಟ ದೊರೆಯ 'ಅಮೋಘವರ್ಷ', 'ನೃಪತುಂಗ' ಎಂಬವು ಬಿರುದುಗಳೇ ಆದರೂ ಇಂದು ಅವನ ಹೆಸರುಗಳಾಗಿ ಉಳಿದಿವೆ. 'ಪೆರಿಯಾರ್' ಎಂಬುದರ ಚರಿತ್ರೆಯೂ ಇಂತಹುದೇ. 1938ರಲ್ಲಿ ಮದ್ರಾಸಿನಲ್ಲಿ ನಡೆದ ಮಹಿಳಾ ಸಮ್ಮೇಳನವು ಈ.ವೆ. ರಾಮಸಾಮಿ ಅವರನ್ನು ಹಾಗೆಂದು ಗೌರವಿಸಿತು. ಅದಕ್ಕೂ ಮುಂಚೆಯೇ ಅವರು 'ನಾಯ್ಕರ್' ಎಂಬ ಜಾತಿಸೂಚಕವನ್ನು ಕೈಬಿಟ್ಟಿದ್ದರೆಂಬುದು ಗಮನಾರ್ಹ. ಹುಟ್ಟಿನಿಂದ ಬಂದ ಹೆಸರಿನ ತುಂಡು ಕಳಚಿದೆಡೆ ಜನರು ಕೊಟ್ಟ ಹೆಸರು ನಿಂತಿತು. ಇಲ್ಲಿ ಅಡ್ಡಹೆಸರು ಒಂದು ಸಾಮಾಜಿಕ ನಿಲುವೇ ಆಯಿತು.

ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮ ಮನೆಗಳಲ್ಲಿ ಅವಿನಯವೆನಿಸುತ್ತದೆ. ಅಣ್ಣ, ಅಮ್ಮ, ಅಯ್ಯ ಎಂಬ ಬಂಧುವಾಚಕಗಳು ಹೆಸರಿನ ಸ್ಥಾನವನ್ನು ತುಂಬುತ್ತವೆ. ಮನೆಯ ಈ ಪದ್ಧತಿಯೇ ರಾಜಕಾರಣಕ್ಕೂ ವಿಸ್ತರಿಸಿದೆ. ಆದುದರಿಂದ ಮೂಲನಾಮವನ್ನು ಬಳಸದಿರುವುದು ಅಗೌರವವೆಂಬ ವಾದವು ನಮ್ಮ ಭಾಷೆಗಳಿಗೆ ಹೊಂದುವುದಿಲ್ಲ. ಗೌರವದ ನಿಜವಾದ ನೆಲೆ ಪ್ರತ್ಯಯದಲ್ಲಿದೆ. ಕಾಮರಾಜರ್, ಪೆರಿಯಾರ್, ಕಲೈಞರ್ ಎಂಬ ರೂಪಗಳ ಕೊನೆಯ ಗೌರವಸೂಚಕವು ಹಳಗನ್ನಡದ ಬಹುವಚನ ಪ್ರತ್ಯಯ 'ಅರ್' ಎಂಬುದಕ್ಕೆ ಸೋದರ. 'ಕಲೈಞರ್ ವಂದಾರ್' ಎಂಬುದನ್ನು 'ಕರುಣಾನಿಧಿ ಬಂದ' ಎಂದು ಅನುವಾದಿಸಿದರೆ ವ್ಯಕ್ತಿ ಬದಲಾಗುವುದಿಲ್ಲ, ಮರ್ಯಾದೆ ಹೋಗುತ್ತದೆ. 'ಸಿದ್ದು ಬಂದರು' ಎಂಬಲ್ಲಿ ಮೊಟಕಾದ ಹೆಸರೂ ಸಲಿಗೆಯ ಮಿತಿಯನ್ನು ಮೀರುವುದಿಲ್ಲ. 'ಸಿದ್ದರಾಮಯ್ಯ ಬಂದ' ಎಂಬಲ್ಲಿ ಪೂರ್ಣನಾಮವೂ ರಕ್ಷಣೆ ಕೊಡುವುದಿಲ್ಲ.

ಎರಡನೆಯ ಅಂಶ, ಹೆಸರಿನ ಆಧಾರ. ಆಲೂರು ವೆಂಕಟರಾಯರಿಗೆ 'ಕರ್ನಾಟಕ ಕುಲಪುರೋಹಿತ', ಹರ್ಡೇಕರ್ ಮಂಜಪ್ಪನವರಿಗೆ 'ಕರ್ನಾಟಕ ಗಾಂಧಿ' ಎಂಬ ಹೆಸರುಗಳು ಬಂದುದು ಅವರ ಕಾರ್ಯದಿಂದ. ದೇವೇಗೌಡರ 'ಮಣ್ಣಿನ ಮಗ' ಎಂಬುದರಲ್ಲಿ ಬೇಸಾಯದ ಹಿನ್ನೆಲೆಯ ಅಭಿಮಾನವಿದೆ. ಕಾಮರಾಜರನ್ನು 'ಕಪ್ಪು ಗಾಂಧಿ' ಎಂದುದರಲ್ಲಿ ಮಾತ್ರ ಮೆಚ್ಚುಗೆಯೊಡನೆ ಮೈಬಣ್ಣವೂ ಬೆರೆತಿದೆ. ಪ್ರೀತಿಯಿಂದ ಹೇಳಿದಾಗ ಅದು ಹೊಗಳಿಕೆ, ಬೇರೆಯವರ ಬಾಯಲ್ಲಿ ಕುಹಕವೂ ಆಗಬಲ್ಲದು. ನಡತೆಯನ್ನು ಕುರಿತ ಅಡ್ಡಹೆಸರು ಕಟುವಾಗಿದ್ದರೂ ಅದು ವಿಮರ್ಶೆ. ದೇಹ, ಜಾತಿ, ಹುಟ್ಟುಗಳನ್ನು ಕುರಿತದ್ದು ನಿಂದೆ.

ಮೂರನೆಯದು, ನುಡಿಯುವವರ ನೆಲೆ. ಪಲ್ಲವ ಒಂದನೆಯ ನರಸಿಂಹವರ್ಮನ 'ಮಾಮಲ್ಲ' ಎಂಬ ಬಿರುದು ಚೆನ್ನೈಗೆ ಸಮೀಪದ ಮಾಮಲ್ಲಪುರಕ್ಕೆ ಹೆಸರಾಗಿ ನಿಂತಿದೆ. ಅವನ 'ವಾತಾಪಿಕೊಂಡ' ಎಂಬ ಬಿರುದು ಕಂಚಿಗೆ ಹೆಮ್ಮೆ, ಬಾದಾಮಿಗೆ ಸೋಲಿನ ನೆನಪು. ಹೊಯ್ಸಳ ವಿಷ್ಣುವರ್ಧನನ 'ತಲಕಾಡುಗೊಂಡ' ಎಂಬುದು ಚೋಳರ ಪಾಲಿಗೂ ಹಾಗೆಯೇ. ಬಿರುದು ಎಲ್ಲರಿಗೂ ಒಂದೇ ಅರ್ಥವನ್ನು ಕೊಡುವುದಿಲ್ಲ.

ಹಾಗಾದರೆ ಬಿರುದನ್ನು ಬಳಸದಿರುವವನು ಅಪರಾಧಿಯೇ? 1920ರ ನಾಗಪುರ ಕಾಂಗ್ರೆಸ್ ಅಧಿವೇಶನದಲ್ಲಿ ಜಿನ್ನಾ ಅವರು 'ಮಿಸ್ಟರ್ ಗಾಂಧಿ' ಎಂದಾಗ, 'ಮಹಾತ್ಮಾ' ಎನ್ನಬೇಕೆಂದು ಪ್ರತಿನಿಧಿಗಳು ಕೂಗಿದರು. ಜಿನ್ನಾ ಬಳಸಿದ್ದು ಸಭ್ಯವಾದ ಸಂಬೋಧನೆಯನ್ನೇ. ಪ್ರೀತಿಯಿಂದ ಹುಟ್ಟಿದ ಹೆಸರು ಕಡ್ಡಾಯವಾದ ಕ್ಷಣದಲ್ಲಿ ಅದು ಗೌರವವಾಗಿ ಉಳಿಯದೆ ನಿಷ್ಠೆಯ ಪರೀಕ್ಷೆಯಾಗುತ್ತದೆ. ಅಡ್ಡಹೆಸರಿನಿಂದ ನಾಯಕರಿಗೆ ಆಗುವ ಅವಮಾನಕ್ಕಿಂತ, ಬಿರುದಿನ ಹೊರೆಯಿಂದ ಪ್ರಜೆಯ ಮಾತಿಗೆ ಬೀಳುವ ತಡೆಯು ಹೆಚ್ಚು ಚಿಂತನೀಯ. 'ಅಮ್ಮ' ಎಂದೊಡನೆ ಕೇಳುವವರು ಮಕ್ಕಳಾಗುತ್ತಾರೆ. ಮಕ್ಕಳು ತಾಯಿಯಿಂದ ಲೆಕ್ಕ ಕೇಳುವುದು ಕಷ್ಟ.

ಒಟ್ಟಿನಲ್ಲಿ, ಅಡ್ಡಹೆಸರು ತನ್ನಷ್ಟಕ್ಕೆ ಅಗೌರವವಲ್ಲವೆಂದು ಹೇಳಬಹುದು. ವಿದ್ಯಾರ್ಥಿಗಳು ತಮ್ಮ ಬರವಣಿಗೆಯಲ್ಲಿ ಮೂಲನಾಮವನ್ನು ಮೊದಲು ಕೊಟ್ಟು, 'ಪೆರಿಯಾರ್' ಎಂಬಂತೆ ಹೆಸರೇ ಆಗಿ ನೆಲೆಗೊಂಡವನ್ನು ನಿಸ್ಸಂಕೋಚವಾಗಿ ಬಳಸಬಹುದು. ನಿಂದೆಯ ಹೆಸರುಗಳನ್ನು ಚರಿತ್ರೆಯ ದಾಖಲೆಯಾಗಿ ಉಲ್ಲೇಖಿಸಬೇಕೇ ಹೊರತು ತಮ್ಮ ಮಾತಾಗಿಸಿಕೊಳ್ಳಬಾರದು. ಮೆಚ್ಚಿದವರಿಗೂ ಮೆಚ್ಚದವರಿಗೂ ಕ್ರಿಯಾಪದದ ಬಹುವಚನವನ್ನು ಸಮನಾಗಿ ಸಲ್ಲಿಸುವುದು ಕನ್ನಡದ ಮರ್ಯಾದೆ. ಅದನ್ನು ಸಲ್ಲಿಸಿದ ಮೇಲೆ ಪ್ರಶ್ನಿಸುವ ಹಕ್ಕು ನುಡಿಯುವವನಿಗೆ ಉಳಿದೇ ಇರುತ್ತದೆ.