ಎರಡನೇ ಸರ್ವರ್ ನಿಜವಾಗ್ಲೂ ರೆಡಿ ಇದ್ಯಾ?

ಹಾಸ್ಟೆಲ್‌ನ ಆಕ್ಸೆಸ್ ಪಾಯಿಂಟ್ ಸತ್ತರೆ ಮಾನಿಟರಿಂಗ್ ಸರ್ವರ್ ಹೇಳುತ್ತೆ. ಲ್ಯಾಬಿನ ಸ್ವಿಚ್ ಆಫ್ ಆದರೆ, ಡಿಸ್ಕ್ ತುಂಬಿದರೆ, ಅದನ್ನೂ ಅದೇ ಹೇಳುತ್ತೆ. ಆ ಮಾನಿಟರಿಂಗ್ ಸರ್ವರೇ ಸತ್ತರೆ? ಯಾರ ಫೋನಿಗೂ ಅಲರ್ಟ್ ಬರಲ್ಲ. ಎಲ್ಲ ಚೆನ್ನಾಗಿರುವಾಗಲೂ ಅಲರ್ಟ್ ಬರಲ್ಲ ಅಲ್ವಾ, ಹಾಗಾಗಿ ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ. ಆನ್‌ಲೈನ್ ಎಕ್ಸಾಮ್ ನಡೀತಿರೋ ದಿನ ಹೀಗಾದರೆ, ಲಿಂಕ್ ಹೋಗಿದೆ ಅಂತ ಮೊದಲು ಗೊತ್ತಾಗೋದು ಎಕ್ಸಾಮ್ ಬರೀತಿರೋರಿಗೆ.

ಅದಕ್ಕೇ ಜೋಡಿ ಸರ್ವರ್ ಇಡೋದು. ಒಂದು ಕೆಲಸ ಮಾಡುತ್ತೆ, ಇನ್ನೊಂದು ಕಾಯುತ್ತೆ. ಮೊದಲನೆಯದು ಬಿದ್ದರೆ ಎರಡನೆಯದು ಎದ್ದು ನಿಲ್ಲುತ್ತೆ, ಇದೇ ಫೇಲ್‌ಓವರ್. ನಾನಿಲ್ಲಿ ಝ್ಯಾಬಿಕ್ಸ್ ಇಟ್ಕೊಂಡು ಹೇಳ್ತೀನಿ. ಇದು ಲಾಟ್ವಿಯಾದಿಂದ ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್. ಅಲೆಕ್ಸೀ ವ್ಲಾಡಿಶೆವ್ 1998ರಲ್ಲಿ ಶುರು ಮಾಡಿದ್ದು. ಒಂದು ಲ್ಯಾಪ್‌ಟಾಪಿನಲ್ಲಿ ಮೂರು ವರ್ಚುವಲ್ ಮಷೀನ್ ಹಾಕಿದರೆ ಸಾಕು, ಕೆಳಗೆ ಬರೆದದ್ದನ್ನೆಲ್ಲ ನೀವೇ ಮಾಡಿ ನೋಡಬಹುದು.

2022ರಲ್ಲಿ ಬಂದ 6.0 ವರ್ಷನ್‌ಗೆ ಮುಂಚೆ ಝ್ಯಾಬಿಕ್ಸ್‌ಗೆ ಇದು ತಾನಾಗೇ ಬರ್ತಿರಲಿಲ್ಲ. ಜನ ಪೇಸ್‌ಮೇಕರ್, ಕೊರೊಸಿಂಕ್ ಥರದ ಟೂಲ್‌ಗಳನ್ನು ಮೇಲೆ ಕೂರಿಸಿ ಒದ್ದಾಡ್ತಿದ್ದರು. ಈಗ ಎರಡೂ ಸರ್ವರ್‌ಗಳ ಕಾನ್ಫಿಗ್ ಫೈಲಿನಲ್ಲಿ ನೋಡ್‌ಗೆ ಒಂದು ಹೆಸರು, ಒಂದು ವಿಳಾಸ ಕೊಟ್ಟು, ಎರಡಕ್ಕೂ ಒಂದೇ ಡೇಟಾಬೇಸ್ ತೋರಿಸಿದರೆ ಮುಗೀತು. ಹತ್ತು ನಿಮಿಷದ ಕೆಲಸ. ಇಷ್ಟು ಸುಲಭವಾದ್ದರಿಂದಲೇ ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ ಅನ್ಸುತ್ತೆ.

ಒಳಗೆ ಏನಾಗುತ್ತೆ ನೋಡೋಣ. ದೂರದೂರಿನ ರಾತ್ರಿ ಬಸ್ಸಿನಲ್ಲಿ ಇಬ್ಬರು ಡ್ರೈವರ್ ಇರ್ತಾರಲ್ಲ, ಹಾಗೆ. ಬಸ್ ಒಂದೇ, ಅದು ಡೇಟಾಬೇಸ್. ಪ್ರತಿ ನೋಡ್ 5 ಸೆಕೆಂಡಿಗೊಮ್ಮೆ "ನಾನಿದ್ದೀನಿ" ಅಂತ ಡೇಟಾಬೇಸಿನಲ್ಲಿ ಟೈಮ್ ಬರೆದಿಡುತ್ತೆ. ಆಕ್ಟಿವ್ ನೋಡ್ 1 ನಿಮಿಷ ಏನೂ ಬರೀದಿದ್ದರೆ ಸ್ಟ್ಯಾಂಡ್‌ಬೈ ನೋಡ್ ಸ್ಟೀರಿಂಗ್ ಹಿಡಿಯುತ್ತೆ. ಈ 1 ನಿಮಿಷವನ್ನು 10 ಸೆಕೆಂಡಿನಿಂದ 15 ನಿಮಿಷದವರೆಗೆ ಎಷ್ಟಕ್ಕೆ ಬೇಕಾದರೂ ಬದಲಿಸಬಹುದು. ಆದರೆ 10 ಸೆಕೆಂಡ್ ಇಟ್ಟರೆ ನೆಟ್‌ವರ್ಕ್ ಸ್ವಲ್ಪ ಕೆಮ್ಮಿದರೂ ಡ್ರೈವರ್ ಬದಲಾಗ್ತಾನೆ. ನಾನಾದರೆ ಡಿಫಾಲ್ಟ್ ಮುಟ್ಟಲ್ಲ.

ಒಂದೇ ಸ್ಟೀರಿಂಗ್ ಅನ್ನು ಇಬ್ಬರೂ ಹಿಡಿದರೆ? ಅದಕ್ಕೆ ಸ್ಪ್ಲಿಟ್ ಬ್ರೇನ್ ಅಂತಾರೆ. ಮೊದಲ ನೋಡ್ ಬದುಕೇ ಇದೆ, ಡೇಟಾಬೇಸಿನ ದಾರಿ ಮಾತ್ರ ಕಟ್ ಆಗಿದೆ ಅಂದ್ಕೊಳ್ಳಿ. ಎರಡನೆಯದು ಅದು ಸತ್ತಿದೆ ಅಂತ ತಿಳಿದು ಏಳುತ್ತೆ. ಇದನ್ನು ತಪ್ಪಿಸೋಕೆ ಒಂದು ನಿಯಮ ಇದೆ, ನನಗೆ ತುಂಬಾ ಇಷ್ಟ ಆಗಿದ್ದು: ಆಕ್ಟಿವ್ ನೋಡ್‌ಗೆ ಫೇಲ್‌ಓವರ್ ಸಮಯಕ್ಕಿಂತ 5 ಸೆಕೆಂಡ್ ಕಮ್ಮಿ ಹೊತ್ತು, ಅಂದರೆ 55 ಸೆಕೆಂಡ್, ಡೇಟಾಬೇಸ್ ಸಿಗದಿದ್ದರೆ ಅದು ತಾನೇ ಕೆಲಸ ನಿಲ್ಲಿಸಿ ಸ್ಟ್ಯಾಂಡ್‌ಬೈಗೆ ಹೋಗ್ಬೇಕು. ಇನ್ನೊಬ್ಬ ಬರೋ ಮುಂಚೆಯೇ ಸೀಟ್ ಬಿಡೋದು.

ಯಾರು ಓಡಿಸಬೇಕು ಅನ್ನೋದನ್ನು ಸಾಫ್ಟ್‌ವೇರ್ ನೋಡ್ಕೊಳ್ಳುತ್ತೆ. ಎರಡನೇ ಡ್ರೈವರ್ ಹತ್ರ ಲೈಸೆನ್ಸ್ ಇದ್ಯಾ, ಕನ್ನಡಕ ಇದ್ಯಾ ಅಂತ ಅದು ನೋಡಲ್ಲ. ಅದು ನಮ್ಮ ಕೆಲಸ. ಸ್ಟ್ಯಾಂಡ್‌ಬೈ ನೋಡ್‌ನಲ್ಲಿ ಓಡ್ತಿರೋದು ಕಾವಲಿನ ಒಂದೇ ಪ್ರೊಸೆಸ್. ಅದು ಡೇಟಾ ಎತ್ತಲ್ಲ, ಪೋರ್ಟ್ ಮೇಲೆ ಕೇಳಿಸಿಕೊಳ್ಳಲ್ಲ. ಹಾಗಾಗಿ ಅದರಲ್ಲಿ ಏನು ಕಮ್ಮಿ ಇದೆ ಅನ್ನೋದು ಅದು ಏಳೋವರೆಗೂ ಹೊರಗೆ ಬರಲ್ಲ.

ಉದಾಹರಣೆಗೆ ಪಿಂಗ್ ತಗೊಳ್ಳಿ. ಝ್ಯಾಬಿಕ್ಸ್ ತಾನೇ ಪಿಂಗ್ ಮಾಡಲ್ಲ, ಎಫ್‌ಪಿಂಗ್ ಅನ್ನೋ ಬೇರೆ ಪ್ರೋಗ್ರಾಮ್ ಕರೆಯುತ್ತೆ. ಮೊದಲ ಸರ್ವರಿನಲ್ಲಿ ಯಾವಾಗಲೋ ಇನ್‌ಸ್ಟಾಲ್ ಆಗಿರುತ್ತೆ. ಎರಡನೆಯದರಲ್ಲಿ ಇಲ್ಲ ಅಂದರೆ ಫೇಲ್‌ಓವರ್ ಆದ ಕೂಡಲೇ ಪಿಂಗ್ ಚೆಕ್‌ಗಳೆಲ್ಲ ಕೈ ಎತ್ತುತ್ತವೆ. ಸೀನಿಯರ್ ಯಾರೋ ಬರೆದಿಟ್ಟ ಪೈಥಾನ್ ಸ್ಕ್ರಿಪ್ಟ್‌ಗಳದ್ದೂ ಇದೇ ಕಥೆ. ಹೋಸ್ಟ್‌ಗಳು, ಟ್ರಿಗರ್‌ಗಳು, ವೆಬ್‌ಹುಕ್ ಅಲರ್ಟ್‌ಗಳು ಡೇಟಾಬೇಸಿನಲ್ಲಿರೋದರಿಂದ ಅವು ತಾನಾಗೇ ಬರುತ್ತವೆ. ಎಕ್ಸ್‌ಟರ್ನಲ್ ಸ್ಕ್ರಿಪ್ಟ್, ಅಲರ್ಟ್ ಸ್ಕ್ರಿಪ್ಟ್, ಸರ್ಟಿಫಿಕೇಟ್ ಫೈಲ್ ಇವೆಲ್ಲ ಡಿಸ್ಕ್ ಮೇಲಿರೋದು. ಅವನ್ನು ನಾವೇ ಕಾಪಿ ಮಾಡ್ಬೇಕು, ಒಂದು ಸಲ ಅಲ್ಲ, ಬದಲಾದಾಗಲೆಲ್ಲ. ಝ್ಯಾಬಿಕ್ಸ್ ವರ್ಷನ್ ಕೂಡ ಎರಡರಲ್ಲೂ ಒಂದೇ ಇರಲಿ.

ಆಮೇಲೆ ಎದುರು ಕಡೆಯವರು. ಸ್ವಿಚ್‌ನಲ್ಲಿ ಎಸ್‌ಎನ್‌ಎಂಪಿ ಯಾರು ಕೇಳಬಹುದು ಅಂತ ಆಕ್ಸೆಸ್ ಲಿಸ್ಟ್ ಇರುತ್ತೆ. ಅಲ್ಲಿ ಮೊದಲ ಸರ್ವರಿನ ಐಪಿ ಮಾತ್ರ ಇದ್ದರೆ ಎರಡನೆಯದು ಎಷ್ಟು ಕೇಳಿದರೂ ಸ್ವಿಚ್ ಉತ್ತರ ಕೊಡಲ್ಲ. ಆಗ ಕ್ಯಾಂಪಸ್ಸಿನ ಎಲ್ಲ ಸ್ವಿಚ್ ಒಟ್ಟಿಗೆ ಸತ್ತ ಹಾಗೆ ಕಾಣುತ್ತೆ! ಟ್ರ್ಯಾಪ್ ಉಲ್ಟಾ ದಿಕ್ಕು: ಡಿವೈಸೇ ಕಳಿಸೋದು, ಅದಕ್ಕೆ ಎರಡೂ ವಿಳಾಸ ಕೊಟ್ಟಿರಬೇಕು. ಅಲರ್ಟ್ ಮೇಲ್ ಹೋಗೋ ಮೇಲ್ ಸರ್ವರ್ ಎರಡನೇ ಐಪಿಯನ್ನು ಒಪ್ಕೊಳ್ಳುತ್ತಾ ಅಂತಾನೂ ನೋಡಿ.

ಏಜೆಂಟ್ ಕಾನ್ಫಿಗ್‌ನಲ್ಲಿ ಒಂದು ಅಕ್ಷರದ ವಿಷಯ ಇದೆ. ಸರ್ವರ್ ಬಂದು ಕೇಳೋ ಪ್ಯಾಸಿವ್ ಚೆಕ್‌ಗೆ ಎರಡೂ ಐಪಿಗಳ ನಡುವೆ ಕಾಮಾ ಹಾಕ್ಬೇಕು. ಏಜೆಂಟೇ ಹೋಗಿ ಕೊಡೋ ಆಕ್ಟಿವ್ ಚೆಕ್‌ಗೆ ಸೆಮಿಕೋಲನ್ ಹಾಕ್ಬೇಕು. ಅಲ್ಲಿ ಕಾಮಾ ಹಾಕಿದರೆ "ಇವು ಸಂಬಂಧವಿಲ್ಲದ ಎರಡು ಸರ್ವರ್" ಅಂತ ಅರ್ಥ. ಸೆಮಿಕೋಲನ್ ಅಂದರೆ "ಒಂದೇ ಜೋಡಿ, ಇದು ಸಿಗದಿದ್ದರೆ ಅದಕ್ಕೆ ಹೋಗು" ಅಂತ. ವೆಬ್ ಪೇಜಿನ ಕಾನ್ಫಿಗ್‌ನಲ್ಲಿ ಸರ್ವರ್ ವಿಳಾಸದ ಸಾಲು ಇದ್ದರೆ ಅದನ್ನು ಕಾಮೆಂಟ್ ಮಾಡಿ, ಆಗ ಯಾವ ನೋಡ್ ಆಕ್ಟಿವ್ ಅಂತ ಅದೇ ಕಂಡುಹಿಡಿಯುತ್ತೆ.

ಈಗ ಟೆಸ್ಟ್. ಸರ್ವಿಸ್ ಅನ್ನು ಮರ್ಯಾದೆಯಾಗಿ ಸ್ಟಾಪ್ ಮಾಡಿದರೆ ಅದು ಹೇಳಿ ಹೋಗುತ್ತೆ, ಎರಡನೆಯದು 5 ಸೆಕೆಂಡಿನಲ್ಲೇ ಏಳುತ್ತೆ. ಖುಷಿಯಾಗುತ್ತೆ, ಆದರೆ ನಿಜ ಜೀವನದಲ್ಲಿ ಯಾವ ಮಷೀನೂ ಹಾಗೆ ಹೇಳಿ ಸಾಯಲ್ಲ. ವರ್ಚುವಲ್ ಮಷೀನಿನ ಪವರ್ ಕಿತ್ತು ನೋಡಿ. ಆಗ ಪೂರ್ತಿ 1 ನಿಮಿಷ ಕಾಯ್ಬೇಕು, ಆ ನಿಮಿಷದಲ್ಲಿ ಕೇಳಬೇಕಿದ್ದ ಎಸ್‌ಎನ್‌ಎಂಪಿ ಡೇಟಾ ಹೋಯ್ತು ಅಂತಲೇ ಲೆಕ್ಕ. ಆಮೇಲೆ ಸ್ಟೇಟಸ್ ನೋಡಿ ಸುಮ್ಮನಾಗಬೇಡಿ. ಬೇಕಂತಲೇ ಒಂದು ಪೋರ್ಟ್ ಡೌನ್ ಮಾಡಿ ಅಲರ್ಟ್ ನಿಮ್ಮ ಫೋನಿಗೆ ಬರುತ್ತಾ ನೋಡಿ. ಮೊದಲ ಸರ್ವರ್ ವಾಪಸ್ ಬಂದಾಗ ಸ್ಟೀರಿಂಗ್ ಕಿತ್ಕೊಳ್ಳಲ್ಲ, ಸ್ಟ್ಯಾಂಡ್‌ಬೈ ಆಗಿ ಹಿಂದಿನ ಸೀಟಲ್ಲಿ ಕೂರುತ್ತೆ. ಅದು ಬಗ್ ಅಲ್ಲ.

ಇನ್ನು ಬಸ್ಸಿನ ವಿಷಯ. ಡೇಟಾಬೇಸ್ ಒಂದೇ ಇದ್ದು ಅದೇ ನಿಂತರೆ ಇಬ್ಬರು ಡ್ರೈವರ್ ಇದ್ದೂ ಪ್ರಯೋಜನ ಇಲ್ಲ. ಝ್ಯಾಬಿಕ್ಸ್‌ನ ಜೋಡಿ ಡೇಟಾಬೇಸನ್ನು ಕಾಪಾಡಲ್ಲ, ಅದಕ್ಕೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್‌ನ ರೆಪ್ಲಿಕೇಷನ್ ಬೇರೆಯಾಗಿ ಕಟ್ಟಬೇಕು. ಹಾಗೇ ಎರಡೂ ವರ್ಚುವಲ್ ಮಷೀನ್ ಒಂದೇ ಫಿಸಿಕಲ್ ಸರ್ವರ್ ಮೇಲೆ, ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ, ಪ್ರಾಕ್ಟೀಸ್‌ಗೆ ಓಕೆ. ಕ್ಯಾಂಪಸ್ ನೆಟ್‌ವರ್ಕ್‌ಗೆ ಹಾಕೋದಾದರೆ ಎರಡನೆಯದನ್ನು ಬೇರೆ ಬ್ಲಾಕ್‌ನಲ್ಲಿ, ಬೇರೆ ಪವರ್ ಲೈನಿನಲ್ಲಿ ಇಡಿ.