'ಕಬದ್' ಎಂಬ ಪದ: ಕುರ್‌ಆನಿನಲ್ಲಿ ಹುಟ್ಟು ಮತ್ತು ಬವಣೆ

ಕುರ್‌ಆನಿನ 90ನೆಯ ಅಧ್ಯಾಯವಾದ 'ಅಲ್ ಬಲದ್' 20 ಸೂಕ್ತಗಳ ಕಿರು ಅಧ್ಯಾಯ. ಮಕ್ಕಾ ನಗರದ ಮೇಲೆ, ಅನಂತರ ಜನ್ಮವಿತ್ತವನ ಮತ್ತು ಜನಿಸಿದುದರ ಮೇಲೆ ಆಣೆಯಿಟ್ಟು, ನಾಲ್ಕನೆಯ ಸೂಕ್ತದಲ್ಲಿ ಅದು ಮನುಷ್ಯನ ಸೃಷ್ಟಿಯನ್ನು 'ಕಬದ್' ಎಂಬ ಪದದೊಂದಿಗೆ ಜೋಡಿಸುತ್ತದೆ. ಹುಟ್ಟಿನ ಪ್ರಸ್ತಾಪದ ಬೆನ್ನಿಗೇ ಬವಣೆಯ ಪ್ರಸ್ತಾಪ ಬರುವುದು ಆಕಸ್ಮಿಕವಲ್ಲ.

ಈ ಪದಕ್ಕೆ ನೆಟ್ಟಗೆ ನಿಂತ ದೇಹಸ್ಥಿತಿ ಎಂಬ ಅರ್ಥವನ್ನೂ ಪ್ರಾಚೀನ ವ್ಯಾಖ್ಯಾನಕಾರರಲ್ಲಿ ಕೆಲವರು ಹೇಳಿದ್ದಾರೆ. ಆದರೆ ತಬರಿ (ಮರಣ 923) ಶ್ರಮ, ಸಂಕಷ್ಟ ಎಂಬ ಅರ್ಥವನ್ನೇ ಎತ್ತಿಹಿಡಿದನು. ಝಮಖ್ಶರಿ (ಮರಣ 1144) ಪದದ ಮೂಲವನ್ನು ಪಿತ್ತಜನಕಾಂಗದ ನೋವಿನಲ್ಲಿ ಗುರುತಿಸಿ, ಅದೇ ಮುಂದೆ ಎಲ್ಲ ಬಗೆಯ ಬಳಲಿಕೆಗೂ ವ್ಯಾಪಿಸಿತೆಂದನು. ಕನ್ನಡದಲ್ಲಿ ಇದನ್ನು 'ಕಷ್ಟ' ಎಂದರೆ ಅರ್ಥ ತಿಳಿಯುತ್ತದೆ, ದೇಹ ಕಳೆದುಹೋಗುತ್ತದೆ. ಅರಬ್ಬಿಯಲ್ಲಿ ಪಿತ್ತಜನಕಾಂಗ ಮಾಡುವ ಕೆಲಸವನ್ನು ಕನ್ನಡದಲ್ಲಿ ಕರುಳು ಮಾಡುತ್ತದೆ; ನೋವಿಗೂ ಸಂತಾನಕ್ಕೂ ಅದೊಂದೇ ಪದ ಒದಗುವುದನ್ನು ಅನುವಾದಕರು ಗಮನಿಸಬೇಕಿತ್ತು.

ಹರಿದಾಸ ಸಾಹಿತ್ಯದ ಪರಿಚಯವುಳ್ಳ ಓದುಗರು ಇಲ್ಲಿ ಗರ್ಭವಾಸದ ದುಃಖವನ್ನು ನೆನೆಯುವುದು ಸಹಜ. ಹೋಲಿಕೆ ಹೆಚ್ಚು ದೂರ ಸಾಗದು. ಅಲ್ಲಿ ಗರ್ಭವಾಸ ಪೂರ್ವಕರ್ಮದ ಫಲ. ಇಲ್ಲಿ ಪೂರ್ವಜನ್ಮವೇ ಇಲ್ಲ, ಆದಮನ ತಪ್ಪಿನ ಭಾರವೂ ಸಂತತಿಗೆ ಇಳಿಯದು. ಕೆಲವು ಆಪತ್ತುಗಳು ಮನುಷ್ಯನ ಕೃತ್ಯದಿಂದಲೇ ಒದಗುತ್ತವೆಂದು 42ನೆಯ ಅಧ್ಯಾಯ ಹೇಳುವುದುಂಟು, ಆದರೆ ಅದು ಹುಟ್ಟಿದ ಮೇಲಿನ ಮಾತು. ಆದ್ದರಿಂದ 'ಕಬದ್' ದಂಡನೆಯಲ್ಲ, ಬದುಕಿನ ಸ್ಥಿತಿ.

ಹುಟ್ಟಿನ ಹಂತಗಳು 23ನೆಯ ಅಧ್ಯಾಯದಲ್ಲಿ ವಿವರವಾಗಿವೆ: ಮಣ್ಣಿನ ಸಾರ, 'ನುತ್ಫಾ' (ಬಿಂದು), 'ಅಲಕಾ' (ಅಂಟಿಕೊಂಡದ್ದು), 'ಮುದ್ಘಾ' (ಮಾಂಸದ ತುತ್ತು), ಎಲುಬು, ಅದರ ಮೇಲೆ ಮಾಂಸ. ಇವುಗಳಲ್ಲಿ ಆಧುನಿಕ ಭ್ರೂಣಶಾಸ್ತ್ರವನ್ನು ಹುಡುಕುವ ಉತ್ಸಾಹ ಪಠ್ಯದ ಉದ್ದೇಶವನ್ನೇ ಮರೆಸುತ್ತದೆ. ಇಬ್ನ್ ಮಸ್‌ಊದರ ಹದೀಸನ್ನು ಆಧರಿಸಿ, ಮೂರು ನಲವತ್ತು ದಿನಗಳು ಕಳೆದ ಮೇಲೆ, ಎಂದರೆ 120 ದಿನಗಳಿಗೆ ಆತ್ಮ ಸೇರುತ್ತದೆಂದು ಬಹುಪಾಲು ನ್ಯಾಯಶಾಸ್ತ್ರಜ್ಞರು ಲೆಕ್ಕ ಹಾಕಿದರು. ಆ ಗಡಿಗೆ ಮುಂಚಿನ ಗರ್ಭಪಾತದ ಬಗ್ಗೆ ಹನಫಿಗಳಲ್ಲಿ ಹಲವರು ಸಡಿಲ ನಿಲುವು ತಳೆದರೆ, ಮಾಲಿಕಿಗಳು ಬಿಗಿಯಾಗಿದ್ದರು. ಗಝಾಲಿ (ಮರಣ 1111) ಅಪರಾಧದ ತೀವ್ರತೆ ಹಂತಹಂತವಾಗಿ ಏರುತ್ತದೆಂದನು.

ಈ ಚರ್ಚೆಯಲ್ಲಿ ಹಿನ್ನೆಲೆಗೆ ಸರಿಯುವವಳು ತಾಯಿ. ಕುರ್‌ಆನ್ ಅವಳನ್ನು ಮರೆತಿಲ್ಲ. 31ನೆಯ ಅಧ್ಯಾಯ ಅವಳ ಮೇಲಿಂದ ಮೇಲಿನ ನಿತ್ರಾಣವನ್ನೂ 46ನೆಯದು ಹೊರುವ ಹೆರುವ ಸಂಕಟವನ್ನೂ ಹೇಳುತ್ತವೆ. ಬಸಿರು ಮತ್ತು ಮೊಲೆಯೂಡಿಕೆಗೆ ಒಟ್ಟು 30 ತಿಂಗಳು, ಮೊಲೆಬಿಡಿಸಲು ಎರಡು ವರ್ಷ ಎಂಬ ಎರಡು ಸೂಕ್ತಗಳನ್ನು ಕೂಡಿಸಿ, ಬಸಿರಿನ ಕನಿಷ್ಠ ಅವಧಿ ಆರು ತಿಂಗಳೆಂದು ಶಾಸ್ತ್ರಜ್ಞರು ತೀರ್ಮಾನಿಸಿದರು. ಅವಧಿಗೆ ಮುನ್ನ ಹೆತ್ತವಳ ಶೀಲವನ್ನು ಶಂಕೆಯಿಂದ ಕಾಪಾಡಿದ ಲೆಕ್ಕವಿದು.

'ಅಲ್ ಬಲದ್' ಬವಣೆಯಲ್ಲಿಯೇ ನಿಲ್ಲುವುದಿಲ್ಲ. ಮುಂದೆ ಅದು 'ಅಕಬಾ' ಎಂಬ ಕಡಿದಾದ ದಾರಿಯನ್ನು ಹೆಸರಿಸಿ, ಗುಲಾಮನ ಬಿಡುಗಡೆ, ಹಸಿವಿನ ದಿನ ಬಂಧುವಾದ ಅನಾಥನಿಗೂ ಮಣ್ಣುಪಾಲಾದ ಬಡವನಿಗೂ ಅನ್ನ ಎಂದು ಅದನ್ನು ಬಿಡಿಸುತ್ತದೆ. ಏರಬೇಕಾದ ಆ ದಾರಿಯೂ ಇನ್ನೊಬ್ಬರ ಕಬದ್‌ನ ಮೂಲಕವೇ ಹಾದುಹೋಗುತ್ತದೆ.