ಊರಿನ ಕಂಪ್ಯೂಟರಿನಲ್ಲೂ ಓಡುವ ಸ್ಕ್ರಿಪ್ಟ್: ಏಳು ಸೂತ್ರಗಳು

ನಿಡಗುಂದಿ, ಸಿಂದಗಿ, ಇಂಡಿ ಕಡೆಯಿಂದ ಬೆಂಗಳೂರಿಗೆ ಹೋಗಿ ಐಟಿ ಕೆಲಸ ಹಿಡಿದವರು ಊರಿನ ಶಾಲೆಗೋ ಸಂಘಕ್ಕೋ ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಬರೆದುಕೊಡುವುದುಂಟು. ಅವರ ಲ್ಯಾಪ್‌ಟಾಪಿನಲ್ಲಿ ಏಳನೇ ಆವೃತ್ತಿ. ಊರಲ್ಲಿ ವಿಂಡೋಸ್ ಜೊತೆಗೇ ಬಂದ 5.1. ಅಲ್ಲಿ ಸರಾಗವಾಗಿ ಓಡಿದ್ದು ಇಲ್ಲಿ ಮುಗ್ಗರಿಸುತ್ತದೆ. ಮೊದಲ ಏಟು ಬೀಳುವುದು ಕನ್ನಡಕ್ಕೇ.

1. ಎದುರಿನ ಯಂತ್ರದ ಆವೃತ್ತಿ ಕೇಳಿ. 5.1 ಬಂದದ್ದು 2016ರಲ್ಲಿ, 7.0 ಬಂದದ್ದು 2020ರಲ್ಲಿ. ವಿಂಡೋಸ್ 11 ಕೂಡ 5.1 ಹೊತ್ತೇ ಬರುತ್ತದೆ. ಏಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಂಡರೂ ಹಳೆಯದು ಜಾಗ ಬಿಡುವುದಿಲ್ಲ, ಎರಡೂ ಒಂದೇ ಮನೆಯಲ್ಲಿರುತ್ತವೆ.

2. ಸ್ಕ್ರಿಪ್ಟಿನೊಳಗೆ ಕನ್ನಡವಿದ್ದರೆ ಕಡತವನ್ನು ‘ಬಾಮ್ ಸಹಿತ ಯುಟಿಎಫ್-8’ ಆಗಿ ಉಳಿಸಿ. ‘ನಿಡಗುಂದಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಕಡತದ ತಲೆಯಲ್ಲಿ ಬಾಮ್ ಎಂಬ ಗುರುತಿಲ್ಲದಿದ್ದರೆ 5.1 ಅದನ್ನು ಹಳೆಯ ಎಎನ್‌ಎಸ್‌ಐ ಎಂದೇ ತಿಳಿದು ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರವಾಗಿ ಓದುತ್ತದೆ. ಏಳನೇ ಆವೃತ್ತಿಗೆ ಈ ತೊಂದರೆಯಿಲ್ಲ. ಆದ್ದರಿಂದಲೇ ಬರೆದವರಿಗೆ ತಪ್ಪು ಕಾಣುವುದಿಲ್ಲ. ವಿಎಸ್ ಕೋಡ್ ಕೂಡ ತಾನಾಗಿ ಬಾಮ್ ಹಾಕುವುದಿಲ್ಲ.

3. ಸಿಎಸ್‌ವಿ ಬರೆಯುವಾಗ ಎನ್‌ಕೋಡಿಂಗ್ ಹೇಳದೆ ಬಿಡಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಇದು. 5.1ರ ಎಕ್ಸ್‌ಪೋರ್ಟ್-ಸಿಎಸ್‌ವಿ ಸುಮ್ಮನೆ ಬಿಟ್ಟರೆ ಆಸ್ಕಿಯಲ್ಲಿ ಬರೆಯುತ್ತದೆ. ‘ನಿಡಗುಂದಿ’ ಇದ್ದಲ್ಲಿ ಎಂಟು ಪ್ರಶ್ನಾರ್ಥಕ ಚಿಹ್ನೆ! ಎರಡನೇ ಸೂತ್ರದ ಗೊಂದಲವನ್ನು ಸರಿಪಡಿಸಬಹುದು, ಇದನ್ನು ಆಗದು. ಆ ಕಡತದಲ್ಲಿ ಹೆಸರೇ ಉಳಿದಿರುವುದಿಲ್ಲ. ದೋಷ ಸಂದೇಶವೂ ಬರುವುದಿಲ್ಲ. ಜೊತೆಗೆ ಮೊದಲ ಸಾಲಿನಲ್ಲಿ ಯಾರಿಗೂ ಬೇಡದ ‘ಟೈಪ್’ ಸಾಲೊಂದು ಕೂತಿರುತ್ತದೆ. ಅದನ್ನು ತೆಗೆಯಲು ‘ನೋಟೈಪ್‌ಇನ್ಫರ್ಮೇಶನ್’ ಸೇರಿಸಿ.

4. ‘ಯುಟಿಎಫ್8’ ಎಂದು ಬರೆದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಅದೇ ಪದಕ್ಕೆ 5.1 ಬಾಮ್ ಹಾಕುತ್ತದೆ, 7 ಹಾಕುವುದಿಲ್ಲ. ಬಾಮ್ ಇಲ್ಲದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಚಿಂದಿಯಾಗಬಹುದು. ಏಳರಲ್ಲಿ ‘ಯುಟಿಎಫ್8ಬಾಮ್’ ಎಂದು ಕೊಡಬಹುದು, ಆದರೆ ಆ ಪದ 5.1ಕ್ಕೆ ಗೊತ್ತಿಲ್ಲ. ಆವೃತ್ತಿ ನೋಡಿ ದಾರಿ ಆರಿಸುವ ಒಂದು ‘ಇಫ್’ ಸಾಲು ಹಾಕಿಬಿಡಿ.

5. ಹೊಸ ಶೋಕಿ ಬಿಡಿ. ಎರಡು ಆದೇಶಗಳನ್ನು ಜೋಡಿ ಆಂಪರ್‌ಸ್ಯಾಂಡ್‌ನಿಂದ ಬೆಸೆಯುವುದು ಏಳರಿಂದಷ್ಟೇ ಸಾಧ್ಯ. 5.1ರಲ್ಲಿ ಕೊನೆಯ ಸಾಲಿನಲ್ಲಿ ಅದು ಕಂಡರೂ ಸಾಕು, ಸ್ಕ್ರಿಪ್ಟಿನ ಮೊದಲ ಸಾಲೂ ಓಡುವುದಿಲ್ಲ.

6. ಅಡ್ಡಹೆಸರು ಬಳಸಬೇಡಿ. 5.1ರಲ್ಲಿ ‘ಕರ್ಲ್’ ಎಂದರೆ ಇನ್ವೋಕ್-ವೆಬ್‌ರಿಕ್ವೆಸ್ಟ್. ಏಳರಲ್ಲಿ ನಿಜವಾದ ಕರ್ಲ್.

7. ಮ್ಯಾಕ್ ಇದ್ದವರು ನಗಬೇಡಿ. ನಿಮ್ಮ ಯಂತ್ರದ ಬ್ಯಾಶ್ ಶೆಲ್ ಇನ್ನೂ 3.2, ಅಂದರೆ 2006ರದ್ದು. 2009ರ ಬ್ಯಾಶ್ 4.0 ಜಿಪಿಎಲ್ ಮೂರನೇ ಆವೃತ್ತಿಯ ಪರವಾನಗಿಯಲ್ಲಿ ಬಂದಿತು. ಆಪಲ್ ಅದನ್ನು ಮುಟ್ಟಲಿಲ್ಲ. ಅಸೋಸಿಯೇಟಿವ್ ಅರೇ ಬಳಸಿದ ಲಿನಕ್ಸ್ ಸ್ಕ್ರಿಪ್ಟ್ ಅಲ್ಲಿ ನಡೆಯದು.

ಊರಿಗೆ ಕಳುಹಿಸುವ ಮುನ್ನ 5.1ರಲ್ಲಿ ಒಮ್ಮೆ ಓಡಿಸಿ. ‘ಟೆಸ್ಟ್ ವನ್, ಟೆಸ್ಟ್ ಟೂ’ ಎಂಬ ಇಂಗ್ಲಿಷ್ ಹೆಸರುಗಳಿಂದಲ್ಲ, ಕನ್ನಡ ಹೆಸರುಗಳಿಂದ. ಹೆಸರುಗಳ ಮೂಲ ಪಟ್ಟಿಯ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.